ಸೊನ್ನೆಯಿಂದ ನೂರಕ್ಕೆ, ವಯಾ ಮಾಗಡಿ ರೋಡ್

ನಮ್ಮ ಅತ್ತೆಗೆ ಮೂವರು ಅಳಿಯಂದಿರು. ದೊಡ್ಡವರ ಹತ್ತಿರ ಜರ್ಮನ್ ಸೆಡಾನ್ ಇದೆ, ಎರಡನೆಯವರ ಹತ್ತಿರ ಜರ್ಮನ್ ಎಸ್‌ಯುವಿ ಇದೆ, ನನ್ನ ಹತ್ತಿರ ಮೆಟ್ರೋ ಕಾರ್ಡ್ ಇದೆ. ಹಾಗಾಗಿ ಷಡ್ಡಕರ ನಡುವೆ ಕಾರಿನ ವಿಷಯಕ್ಕೆ ಜಗಳ ಬಂದಾಗಲೆಲ್ಲ ತೀರ್ಪು ಕೊಡುವ ಕೆಲಸ ನನ್ನದು. ಇವನು ಯಾರ ಪಕ್ಷವೂ ಅಲ್ಲ ಅಂತ ಅವರ ನಂಬಿಕೆ. ಅದು ನಿಜವೇ, ಇಬ್ಬರ ಮೇಲೂ ನನಗೆ ಸಮಸಮನಾಗಿ ಹೊಟ್ಟೆಕಿಚ್ಚಿದೆ.

ಜಗಳ ಏನಪ್ಪಾ ಅಂದರೆ, ನಿಂತ ಗಾಡಿ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಯಾರದ್ದು ಕಡಿಮೆ ಸೆಕೆಂಡ್ ತೆಗೆದುಕೊಳ್ಳುತ್ತದೆ ಅನ್ನೋದು. ದೊಡ್ಡ ಭಾವನ ಪ್ರಕಾರ ಇದು ಚರ್ಚೆಯ ವಿಷಯವೇ ಅಲ್ಲ. ಸೆಡಾನ್ ತಗ್ಗು, ಹಗುರ, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. "ನಿಮ್ಮದು ಬೀರು ಕಣ್ರೀ, ಬೀರುವಿಗೆ ಚಕ್ರ ಹಾಕಿ ಕೊಟ್ಟಿದ್ದಾರೆ" ಅಂತ ಒಂದು ಹಬ್ಬದ ಊಟದಲ್ಲಿ ಎಲ್ಲರೆದುರು ಅಂದುಬಿಟ್ಟರು. ಎರಡನೇ ಭಾವ ಅವತ್ತು ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು.

ತೀರ್ಪು ಕೊಡುವವನು ಸ್ವಲ್ಪ ಓದಿಕೊಂಡಿರಬೇಕಲ್ವಾ? ಓದಿಕೊಂಡೆ. ಒಂದೇ ಕಂಪನಿಯ ಎರಡು ಗಾಡಿ ತೆಗೆದುಕೊಳ್ಳೋಣ, ಆಗ ಯಾರಿಗೂ ಬೇಜಾರಿಲ್ಲ. ಬಿಎಂಡಬ್ಲ್ಯೂ 530ಎಲ್ಐ ಸೆಡಾನ್ 6.5 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಅಂತ ಕಂಪನಿ ಹೇಳುತ್ತದೆ. ಅದೇ ಕಂಪನಿಯ ಎಕ್ಸ್5 ಡೀಸೆಲ್ ಎಸ್‌ಯುವಿ ಎರಡು ಟನ್ನಿಗಿಂತ ಭಾರ, ಆದರೂ 6.1. ಅಂದರೆ ಬೀರುವೇ ಮುಂದೆ! ಕಾರಣ ತುಂಬಾ ಸರಳ. ಸೆಡಾನಿನ ಪೆಟ್ರೋಲ್ ಎಂಜಿನ್ನಿಗೆ 400 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಡೀಸೆಲ್ಲಿಗೆ 650. ಸೆಡಾನಿನಲ್ಲಿ ಹಿಂದಿನ ಎರಡು ಚಕ್ರ ಮಾತ್ರ ನೂಕುತ್ತವೆ, ಎಸ್‌ಯುವಿಯಲ್ಲಿ ನಾಲ್ಕೂ. ಗಾಡಿ ಮುಂದಕ್ಕೆ ಜಿಗಿಯುವಾಗ ಭಾರವೆಲ್ಲ ಹಿಂದಕ್ಕೆ ಬಿದ್ದು ಮೂತಿ ಮೇಲೇಳುತ್ತದೆ, ಎತ್ತರದ ಗಾಡಿಯಲ್ಲಿ ಇನ್ನೂ ಜಾಸ್ತಿ. (ಈ ಮೂತಿ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಮೊಸರನ್ನ ಬರುತ್ತದೆ.)

ಸೆಡಾನಿನ ಕಾಲ ಬರುವುದು ಆಮೇಲೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ನೂಕಲು ಬೇಕಾದ ಶಕ್ತಿ ಎಂಟು ಪಟ್ಟು. ಆಗ ತಗ್ಗು ಮೈಯವನು ಗೆಲ್ಲುತ್ತಾನೆ. ಆದರೆ ಎಲ್ಲಿ? ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು 29 ನಿಮಿಷ ಬೇಕಿತ್ತು. ಗಂಟೆಗೆ 20 ಕಿಲೋಮೀಟರ್ ಅನ್ನಿ. ಆ ವೇಗದಲ್ಲಿ ಗಾಳಿ ಯಾರನ್ನೂ ತಡೆಯುವುದಿಲ್ಲ, ಮುಂದಿನ ಬಸ್ಸು ತಡೆಯುತ್ತದೆ.

ಇನ್ನೊಂದು ಮಜಾ. ಅಮೆರಿಕದ ಕಾರ್ ಪತ್ರಿಕೆಗಳು ಈ ಪರೀಕ್ಷೆ ಮಾಡುವಾಗ ಮೊದಲ ಒಂದು ಅಡಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಾಡಿ ಒಂದಡಿ ಉರುಳಿದ ಮೇಲೆ ಗಡಿಯಾರ ಶುರು. ಸಿಲ್ಕ್ ಬೋರ್ಡಿನಲ್ಲಿ ಸಿಗ್ನಲ್ ಹಸಿರಾದಾಗ ನಮಗೆ ಸಿಗುವುದೇ ಆ ಒಂದಡಿ, ಅದನ್ನೂ ಇವರು ತೆಗೆದುಬಿಟ್ಟರೆ ಉಳಿಯುವುದೇನು? ನಮ್ಮೂರಿನ ಏಥರ್‌ನವರೇ ಜಾಣರು. ಅವರ 450ಎಕ್ಸ್ ಸ್ಕೂಟರಿಗೆ ಸೊನ್ನೆಯಿಂದ 40ಕ್ಕೆ 3.3 ಸೆಕೆಂಡ್ ಅಂತ ಹೇಳಿ ಸುಮ್ಮನಾಗುತ್ತಾರೆ. ಇಲ್ಲಿ ನಲವತ್ತು ಸಿಕ್ಕರೇ ಪುಣ್ಯ ಅಂತ ಗೊತ್ತಿರುವವರು.

ಇದನ್ನೆಲ್ಲ ಹೇಳಿದೆ. ಇಬ್ಬರೂ ಒಪ್ಪಲಿಲ್ಲ. ಕಾಗದದ ಲೆಕ್ಕ ಬೇಡ, ಓಡಿಸಿಯೇ ನೋಡೋಣ ಅಂದರು. ಊರೊಳಗೆ ಓಡಿಸಿದರೆ ಚಲನ್ ಮನೆಗೆ ಬರುತ್ತದೆ. ಅದಕ್ಕೇ ಮಾಗಡಿ ರಂಗನಾಥನ ದರ್ಶನ ಅಂತ ಹೆಸರು ಹೇಳಿ ಭಾನುವಾರ ಸಂಸಾರವನ್ನೆಲ್ಲ ಹೊರಡಿಸಿದರು. ದಾರಿಯಲ್ಲಿ ಒಂದು ಹೊಸ ಲೇಔಟ್. ಅಗಲವಾದ ಟಾರ್ ರಸ್ತೆ, ಎರಡೂ ಕಡೆ ಕಲ್ಲು ನೆಟ್ಟ ಸೈಟುಗಳು, ಒಂದೇ ಒಂದು ಮನೆಯೂ ಇಲ್ಲ. ದೊಡ್ಡ ಭಾವನ ಕಣ್ಣಲ್ಲಿ ಹೊಳಪು.

ಮೊದಲು ಸೆಡಾನ್. ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ಕೂತೆ. ಎಡಗಾಲು ಬ್ರೇಕ್ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ, ಎಂಜಿನ್ ಗುರ್ ಅನ್ನುತ್ತಿದ್ದ ಹಾಗೇ ಭಾವ ಬ್ರೇಕ್ ಬಿಟ್ಟರು ನೋಡಿ, ನನ್ನ ಕನ್ನಡಕ ಹಣೆಗೆ ಏರಿತು. ಮೂವತ್ತು, ನಲವತ್ತು, ಐವತ್ತು... "ಹಂಪ್!" ಅಂತ ನಾನು ಕಿರುಚಿದೆ. ಭಾವ ಬ್ರೇಕ್ ತುಳಿದರು. ಅಡಿಯಿಂದ ಕರ್ರ್ ಅಂತ ಶಬ್ದ ಬಂತು, ಅಷ್ಟು ದುಬಾರಿ ಶಬ್ದ ನಾನು ಹಿಂದೆ ಕೇಳಿರಲಿಲ್ಲ.

ರಸ್ತೆ ಹೇಗಿರಬೇಕು ಅಂತ ಅಳತೆ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರಿನಲ್ಲಿ ಆರಾಮಾಗಿ ದಾಟುವಂತಿರಬೇಕು. ಇದನ್ನು ಕಟ್ಟಿದ ಪುಣ್ಯಾತ್ಮ ಅದನ್ನು ಓದಿರಲಿಲ್ಲ. ಮನೆಯೇ ಇಲ್ಲದ ಕಡೆ, ಮಕ್ಕಳೇ ಆಡದ ರಸ್ತೆಗೆ, ಬಣ್ಣವೂ ಬಳಿಯದೆ ಗೋಡೆ ಎಬ್ಬಿಸಿದ್ದ. ಬೆಂಗಳೂರಿನಲ್ಲಿ ಮೊದಲು ಹಂಪ್ ಹುಟ್ಟುತ್ತದೆ, ಆಮೇಲೆ ಚರಂಡಿ, ಆಮೇಲೆ ಊರು.

ಈಗ ಎಸ್‌ಯುವಿಯ ಸರದಿ. ಎರಡನೇ ಭಾವನ ಮುಖದಲ್ಲಿ ದೀಪಾವಳಿ. ಆದರೆ ಹಿಂದಿನ ಸೀಟಿನಲ್ಲಿ ಅತ್ತೆ ಇದ್ದರು. "ಹೊರಗೆ ಬಿಸಿಲು, ಇಲ್ಲಿ ಎಸಿ ಇದೆ, ನಾನು ಇಳಿಯೊಲ್ಲ. ನೀವು ಅದೇನು ಮಾಡ್ತೀರೋ ಮಾಡಿ" ಅಂದರು. ಭಾರ ಜಾಸ್ತಿಯಾದರೆ ವೇಗ ಏರುವುದು ನಿಧಾನ, ಇದು ನ್ಯೂಟನ್ ಹೇಳಿದ ಮಾತು, ಆದರೆ ಅಳಿಯನಾದವನು ಅದನ್ನು ಅತ್ತೆಗೆ ಹೇಳಲಾಗುತ್ತದೆಯೇ? ಅತ್ತೆಯ ತೊಡೆಯ ಮೇಲೆ ಮೊಸರನ್ನದ ಸ್ಟೀಲ್ ಡಬ್ಬಿ ಇತ್ತು. ಒಗ್ಗರಣೆ ಸರಿಯಾಗಿದೆಯಾ ನೋಡಲು ಆಗಷ್ಟೇ ಮುಚ್ಚಳ ತೆಗೆದಿದ್ದರು. ಭಾವ ಕನ್ನಡಿ ನೋಡಲಿಲ್ಲ.

ಮೂತಿ ಮೇಲೆದ್ದಿತು. ನಾಲ್ಕೂ ಚಕ್ರ ನೂಕಿದವು. ಟಾರ್ಕ್ ಪೂರ್ತಿ ಬಂತು. ಮೊಸರನ್ನ ಡಬ್ಬಿ ಬಿಟ್ಟು ಅತ್ತೆಯ ರೇಷ್ಮೆ ಸೀರೆಗೆ, ಅಲ್ಲಿಂದ ಬಿಳಿ ಲೆದರ್ ಸೀಟಿಗೆ ಇಳಿಯಲು ಎಷ್ಟು ಸೆಕೆಂಡ್ ತೆಗೆದುಕೊಂಡಿತು ಅಂತ ನಾನು ನೋಡಲಿಲ್ಲ, ಆದರೆ ಎರಡು ಕಾರಿಗಿಂತ ಅದೇ ಮುಂದೆ ಇತ್ತು. ಹಿಂದಿನಿಂದ "ಅಯ್ಯೋ ರಂಗನಾಥಾ!" ಅಂತ ಕೂಗು ಬಂದ ಕೂಡಲೇ ಬ್ರೇಕ್. ಮೀಟರ್ ಅರವತ್ತು ಕೂಡ ದಾಟಿರಲಿಲ್ಲ.

ಭಾವಂದಿರಲ್ಲಿ ಒಬ್ಬರು ಕಾರಿನ ಅಡಿಗೆ ಬಗ್ಗಿ ನೋಡುತ್ತಿದ್ದರು, ಇನ್ನೊಬ್ಬರು ಟಿಶ್ಯೂ ಪೇಪರಿನಲ್ಲಿ ದಾಳಿಂಬೆ ಕಾಳು ಆರಿಸುತ್ತಿದ್ದರು. ಅಷ್ಟರಲ್ಲಿ ಎಲ್ಲಿಂದಲೋ ಸ್ಕೂಟರಿನಲ್ಲಿ ಒಬ್ಬ ಬಂದ. "ಸಾರ್, 30-40 ಬೇಕಾ, 40-60 ಬೇಕಾ? ಕಾರ್ನರ್ ಒಂದಿದೆ, ಈಸ್ಟ್ ಫೇಸಿಂಗ್." ಎರಡು ಜರ್ಮನ್ ಗಾಡಿ ಸಾಲಾಗಿ ನಿಂತರೆ ಪಾಪ ಅವನಾದರೂ ಏನು ಅಂದುಕೊಳ್ಳಬೇಕು?

ಅಷ್ಟು ಹೊತ್ತು ಇಳಿಯದ ಅತ್ತೆ ಸೆರಗು ಒದರಿಕೊಂಡು ಇಳಿದರು. "ಚದರಡಿಗೆ ಎಷ್ಟಪ್ಪಾ? ಇಲ್ಲಿಂದ ಮೆಜೆಸ್ಟಿಕ್‌ಗೆ ಎಷ್ಟು ಹೊತ್ತಾಗುತ್ತೆ?"

"ಅರ್ಧ ಗಂಟೆ ಅಮ್ಮ."

ಭಾವಂದಿರಿಬ್ಬರೂ ಒಟ್ಟಿಗೆ ತಲೆ ಎತ್ತಿದರು. "ಯಾವ ಗಾಡೀಲಿ?"

"ಯಾವ ಗಾಡಿ ಆದ್ರೂ ಅಷ್ಟೇ ಸಾರ್."

"ಮತ್ತೆ ನಾವು ಬರೋಕೆ ಎರಡು ಗಂಟೆ ಯಾಕಾಯ್ತು?" ಅಂದರು ಅತ್ತೆ.

"ಭಾನುವಾರ ಅಲ್ವಾ ಅಮ್ಮ, ಎಲ್ಲರೂ ಸೈಟ್ ನೋಡೋಕೆ ಬರ್ತಾರೆ."