ಸತ್ಯಾಂಶ: "ಇಟಾಲಿಯನ್ ಮಾತಾಡೋ ಜಾಗ ಎಲ್ಲಾ ನಮ್ದು" ಅಂತ ಶುರು ಮಾಡಿದ್ದು ಮುಸೊಲಿನಿನಾ?

ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, ಗಡಿಯಾಚೆಗಿನ ಇಟಾಲಿಯನ್ ಭಾಷಿಕರ ನೆಲ ಬೇಕು ಅಂತ ಮೊದಲು ಕೇಳಿದ್ದೇ ಇಟಲಿಯ ಸರ್ವಾಧಿಕಾರಿ ಮುಸೊಲಿನಿ, ಅಲ್ಲೆಲ್ಲಾ ಇದ್ದಿದ್ದು ಬರೀ ಇಟಾಲಿಯನ್ನರು ಅಂತ. ಎರಡೂ ತಪ್ಪು.

ಮುಸೊಲಿನಿ ಹುಟ್ಟಿದ್ದೇ 1883ರಲ್ಲಿ. ಅದಕ್ಕೂ ಮುಂಚೆ 1877ರಲ್ಲೇ ಇಂಬ್ರಿಯಾನಿ ಅನ್ನೋ ಇಟಲಿಯ ರಾಜಕಾರಣಿ ಆಸ್ಟ್ರಿಯಾ ಕೈಲಿದ್ದ ಟ್ರೆಂಟೊ, ಟ್ರಿಯೆಸ್ಟೆ ಕಡೆ ಜಾಗಗಳನ್ನ "ಟೆರ್ರೆ ಇರ್ರೆದೆಂತೆ" ಅಂದಿದ್ರು, ಅಂದ್ರೆ ಇನ್ನೂ ಬಿಡುಗಡೆ ಆಗದ ನೆಲ. 1915ರ ಲಂಡನ್ ಒಪ್ಪಂದದಲ್ಲಿ, ಮೊದಲ ಮಹಾಯುದ್ಧಕ್ಕೆ ನಮ್ಮ ಜೊತೆ ಬಂದ್ರೆ ಆಲ್ಪ್ಸ್ ಬೆಟ್ಟಗಳ ಬ್ರೆನ್ನರ್ ಕಣಿವೆದಾರಿವರೆಗೂ ಕೊಡ್ತೀವಿ ಅಂತ ಇಟಲಿಗೆ ಬ್ರಿಟನ್, ಫ್ರಾನ್ಸ್, ರಷ್ಯಾ ಮಾತು ಕೊಟ್ಟವು.

ಆದ್ರೆ ಬ್ರೆನ್ನರ್ ಕೆಳಗಿನ ದಕ್ಷಿಣ ಟಿರೋಲ್‌ನಲ್ಲಿ ಹೆಚ್ಚಿನವರು ಜರ್ಮನ್ ಮಾತಾಡೋರು! ಅದಕ್ಕೇ ಟೊಲೊಮೆಯಿ ಅನ್ನೋ ಇಟಲಿಯ ರಾಷ್ಟ್ರವಾದಿ ಕೂತ್ಕೊಂಡು ಊರಿನ ಹೆಸರುಗಳಿಗೆಲ್ಲಾ ಇಟಾಲಿಯನ್ ರೂಪ ಪಟ್ಟಿ ಮಾಡಿದ್ದು, ಸ್ಟರ್ಟ್ಸಿಂಗ್ ಹೋಗಿ ವಿಪಿಟೆನೊ ಆಯ್ತು, ಆಮೇಲೆ ಮುಸೊಲಿನಿಯ ಫ್ಯಾಸಿಸ್ಟರು ಬಂದು ಜರ್ಮನ್ ಶಾಲೆಗಳನ್ನೂ ಮುಚ್ಚಿಸಿದ್ರು. ಮುಸೊಲಿನಿ ಪಾತ್ರ ಇಲ್ಲಿ ಜೋರಾಗೇ ಇದೆ, ಆದ್ರೆ ಬೀಜ ಬಿತ್ತಿದ್ದು ಅವನಲ್ಲ.

ಇನ್ನು ಇಟಾಲಿಯನ್ ಮಾತಾಡೋ ಜಾಗ ಎಲ್ಲಾ ಇಟಲಿದೇ ಆಗ್ಬೇಕು ಅಂತೇನಿಲ್ಲ, ಸ್ವಿಟ್ಜರ್ಲೆಂಡಿನ ಟಿಚಿನೊ ನೋಡಿ, ಅಲ್ಲಿ ಇಟಾಲಿಯನ್ನೇ ಅಧಿಕೃತ ಭಾಷೆ, 1803ರಿಂದ ಸ್ವಿಸ್ ಕ್ಯಾಂಟನ್ (ಅಂದ್ರೆ ರಾಜ್ಯ), ಇವತ್ತಿಗೂ ಆರಾಮಾಗಿ ಸ್ವಿಸ್ ಆಗೇ ಇದೆ.