ಹೂಬುಟ್ಟಿಯಲ್ಲಿ ಹಾವಿಟ್ಟವರು ಯಾರು?

ಬ್ಯಾಲೆ ಶಾಲೆಯ ಕಥೆ ಹೇಳುವ ಹದಿಹರೆಯದವರ ಕಾದಂಬರಿಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ಪ್ರದರ್ಶನ ಶುರುವಾಗಲು ಇನ್ನು ಸ್ವಲ್ಪವೇ ಹೊತ್ತು. ಹುಡುಗಿಯೊಬ್ಬಳು ನೆಲದ ಮೇಲೆ ಕೂತು, ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಪಾಯಿಂಟ್ ಶೂ ಒಳಗೆ ಕಾಲು ತೂರಿಸುತ್ತಾಳೆ, ಚೀರುತ್ತಾಳೆ. ಒಳಗೆ ಗಾಜಿನ ಚೂರು. ಇನ್ನೊಬ್ಬಳು ತುರುಬಿಗೆ ಪಿನ್ ಚುಚ್ಚಿಕೊಳ್ಳುತ್ತಾ ಕನ್ನಡಿಯಲ್ಲೇ ಇದನ್ನೆಲ್ಲ ನೋಡುತ್ತಿರುತ್ತಾಳೆ. ಅಲ್ಲಿಂದ ಮುಂದಕ್ಕೆ ನಾವು ಓದುವುದು ಒಂದೇ ಪ್ರಶ್ನೆಗಾಗಿ: ಚೂರು ಹಾಕಿದವಳು ಯಾರು?

ಈ ಪುಸ್ತಕಗಳು ನನಗೆ ತುಂಬಾ ಇಷ್ಟ. ಕೈಗೆತ್ತಿಕೊಂಡರೆ ಮುಗಿಸದೆ ಮಲಗುವುದಿಲ್ಲ. ಈಚೆಗೆ ನಾನು ಕೊಟ್ಟ ಅಂಥದ್ದೊಂದು ಕಾದಂಬರಿಯನ್ನು ಓದಿ ಮುಗಿಸಿದ ಗೆಳತಿ, "ಹೆಣ್ಣಿಗೆ ಹೆಣ್ಣೇ ಶತ್ರು ಅನ್ನೋದು ಸುಳ್ಳಲ್ಲ ನೋಡು" ಅಂದಳು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಆ ಮಾತು ಮಾತ್ರ ಅಂದಿನಿಂದ ಕೊರೆಯುತ್ತಲೇ ಇದೆ. ಅವಳಿಗೆ ಅವತ್ತು ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶೂ ಒಳಗಿನ ಗಾಜಿನ ಚೂರಿಗಿಂತ ಬಹಳ ಹಿಂದೆಯೇ ಬ್ಯಾಲೆಯಲ್ಲಿ ಒಂದು ಹಾವಿತ್ತು. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೃತ್ಯ ಸಂಯೋಜಕ ಮರಿಯಸ್ ಪೆಟಿಪಾ 'ಲಾ ಬಯಾದೇರ್' ಎಂಬ ಬ್ಯಾಲೆಯನ್ನು ರಂಗಕ್ಕೆ ತಂದರು. ಯುರೋಪು ತನಗೆ ಬೇಕಾದಂತೆ ಕಲ್ಪಿಸಿಕೊಂಡ ಭಾರತದಲ್ಲಿ ನಡೆಯುವ ಕಥೆ. ನಿಕಿಯಾ ದೇಗುಲದ ನರ್ತಕಿ, ಗಮ್ಜಾಟಿ ರಾಜನ ಮಗಳು, ಇಬ್ಬರ ನಡುವೆ ಸೊಲೋರ್ ಎಂಬ ಯೋಧ. ಗಮ್ಜಾಟಿಯ ನಿಶ್ಚಿತಾರ್ಥದಲ್ಲಿ ನಿಕಿಯಾ ಕುಣಿಯಬೇಕು. ಕುಣಿಯುತ್ತಿರುವಾಗ ಅವಳ ಕೈಗೊಂದು ಹೂಬುಟ್ಟಿ ಬರುತ್ತದೆ. ಅದರೊಳಗಿನ ಹಾವು ಕಚ್ಚಿ ಅವಳು ಸಾಯುತ್ತಾಳೆ. ಸಾಯುವ ಮುನ್ನ ಅವಳು ಬೆರಳು ತೋರುವುದು ಗಮ್ಜಾಟಿಯ ಕಡೆಗೆ. ನೋಡುವವರ ಕಣ್ಣೂ ಅತ್ತಲೇ ಹೋಗುತ್ತದೆ.

ಆದರೆ ಕಥೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡಿ. ನಿಕಿಯಾಳಿಗೆ ಪ್ರೀತಿಯ ಪ್ರಮಾಣ ಮಾಡಿದ ಸೊಲೋರ್ ರಾಜನಿಗೆ ಹೆದರಿ ಮಗಳ ಪಕ್ಕ ಹೋಗಿ ಕೂತಿದ್ದಾನೆ. ನಿಕಿಯಾ ತನಗೆ ಒಲಿಯಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಅವರಿಬ್ಬರ ಗುಟ್ಟನ್ನು ರಾಜನಿಗೆ ಮುಟ್ಟಿಸಿದವನು ದೇಗುಲದ ಅರ್ಚಕ. ನರ್ತಕಿ ಸಾಯಬೇಕು ಎಂದು ತೀರ್ಮಾನಿಸಿದವನು ರಾಜ. ಹಾವು ಕಚ್ಚಿದ ಮೇಲೂ ಅದೇ ಅರ್ಚಕ ಮದ್ದು ಹಿಡಿದು ಬರುತ್ತಾನೆ, ನನ್ನವಳಾಗುವುದಾದರೆ ಬದುಕಿಸುತ್ತೇನೆ ಎನ್ನುತ್ತಾನೆ. ಅವಳು ಬೇಡವೆಂದು ಸಾಯುತ್ತಾಳೆ. ಮೂವರು ಗಂಡಸರು ಸೇರಿ ಹೆಣೆದ ಬಲೆಯೊಳಗೆ ಇಬ್ಬರು ಹೆಣ್ಣುಮಕ್ಕಳು ಕಚ್ಚಾಡುತ್ತಾರೆ. ಜನರ ನೆನಪಿನಲ್ಲಿ ಉಳಿಯುವುದು ಆ ಕಚ್ಚಾಟ ಮಾತ್ರ.

ಬ್ಯಾಲೆ ಕಾದಂಬರಿಗಳ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲೇ. ಅವು ಹುಡುಗಿಯರ ಕ್ರೌರ್ಯವನ್ನು ಸೂಕ್ಷ್ಮವಾಗಿ ಬರೆಯುತ್ತವೆ. ಪೈಪೋಟಿಯ ಅಂಗಳವನ್ನು ಕಟ್ಟಿ, ಸುಣ್ಣ ಬಳಿದು, ಗೆರೆ ಎಳೆದು ಕೊಟ್ಟವರನ್ನು ಮಾತ್ರ ಪಕ್ಕದ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕುತ್ತವೆ.

ಪಾಯಿಂಟ್ ಶೂ ವಿಷಯವನ್ನೇ ತಗೊಳ್ಳಿ. ಅದರ ತುದಿಯಲ್ಲಿ ಕಬ್ಬಿಣವೂ ಇಲ್ಲ, ಮರವೂ ಇಲ್ಲ. ಬಟ್ಟೆ, ಕಾಗದಗಳನ್ನು ಪದರಪದರವಾಗಿ ಅಂಟು ಹಾಕಿ ಒಣಗಿಸಿ ಗಟ್ಟಿ ಮಾಡಿರುತ್ತಾರೆ, ಮೇಲೆ ಸ್ಯಾಟಿನ್ ಹೊದಿಕೆ. ಹೊಸ ಜೋಡಿ ಬಂದರೆ ಹುಡುಗಿಯೇ ಕೂತು ರಿಬ್ಬನ್ ಹೊಲಿಯಬೇಕು. ಅಂಗಾಲಿನ ಪಟ್ಟಿಯನ್ನು ಬಗ್ಗಿಸಿ ತನ್ನ ಕಾಲಿಗೆ ಒಗ್ಗಿಸಬೇಕು, ಹೆಜ್ಜೆಯ ಸದ್ದು ಅಡಗಲೆಂದು ತುದಿಯನ್ನು ನೆಲಕ್ಕೆ ಕುಟ್ಟಬೇಕು, ಜಾರದಿರಲೆಂದು ರಾಸಿನ್ ಎಂಬ ಅಂಟು ಪುಡಿ ತುಳಿಯಬೇಕು. ಇಷ್ಟೆಲ್ಲ ಮಾಡಿದ ಜೋಡಿ ದೊಡ್ಡ ಪಾತ್ರವಾದರೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಮುಗಿದುಹೋಗಬಹುದು. ಅಂದರೆ ಆ ಶೂ ಅವಳ ಮೈಯ ಒಂದು ಭಾಗದ ಹಾಗೆ. ಅದರೊಳಗೆ ಗಾಜು ಹಾಕುವ ದೃಶ್ಯ ಬೆಚ್ಚಿಬೀಳಿಸುವುದು ಇದಕ್ಕೇ. ಆದರೆ ಗಾಜಿಲ್ಲದ ದಿನವೂ ಆ ಶೂ ಕಾಲನ್ನು ತಿನ್ನುತ್ತಲೇ ಇರುತ್ತದೆ. ಕಿತ್ತುಬಂದ ಉಗುರು, ಒಡೆದ ಬೊಬ್ಬೆ, ಹೇಳಿದರೆ ಪಾತ್ರ ಕೈತಪ್ಪೀತೆಂದು ಮುಚ್ಚಿಟ್ಟ ಮೂಳೆಯ ಬಿರುಕು. ಇದನ್ನು ಯಾರು ಹಾಕಿದರೆಂದು ಯಾವ ಪತ್ತೇದಾರಿಕೆಯೂ ನಡೆಯುವುದಿಲ್ಲ.

ಪೈಪೋಟಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 1973ರಲ್ಲಿ ಶುರುವಾದ ಪ್ರಿ ದ ಲೊಸಾನ್ ಬ್ಯಾಲೆ ಸ್ಪರ್ಧೆಗೆ ಬರುವವರ ವಯಸ್ಸು 15ರಿಂದ 18. ಬೇರೆ ಮಕ್ಕಳು ಮುಂದೇನು ಓದಲಿ ಎಂದು ಯೋಚಿಸುವ ಹೊತ್ತಿಗೆ ಈ ಮಕ್ಕಳ ಬದುಕಿನ ದಾರಿ ತೀರ್ಮಾನವಾಗುತ್ತಿರುತ್ತದೆ. ಪ್ಯಾರಿಸ್ ಒಪೆರಾದ ಬ್ಯಾಲೆ ತಂಡದಲ್ಲಿ ನರ್ತಕರು 42ಕ್ಕೆ ನಿವೃತ್ತರು. ಅಲ್ಲಿ ಕೆಳಗಿನ ಮೆಟ್ಟಿಲುಗಳನ್ನು ಹತ್ತಲು ದಶಕಗಳ ಕಾಲ ತೀರ್ಪುಗಾರರ ಮುಂದೆ ಸ್ಪರ್ಧೆ ನಡೆದಿದೆ, ನಿನ್ನೆ ಜೊತೆಯಲ್ಲಿ ಕುಣಿದವಳೇ ಇವತ್ತು ಎದುರಾಳಿ. ಎಲ್ಲಕ್ಕಿಂತ ಮೇಲಿನ 'ಎಟ್ವಾಲ್' ಪದವಿ, ಅಂದರೆ ನಕ್ಷತ್ರ, ಸ್ಪರ್ಧೆಯಿಂದ ಸಿಗುವುದೇ ಇಲ್ಲ. ಆಡಳಿತದವರು ಹೆಸರಿಸಬೇಕು. ಅಷ್ಟು ವರ್ಷ ಹತ್ತಿದ ಮೇಲೂ ಕೊನೆಯ ಮೆಟ್ಟಿಲು ಇನ್ನೊಬ್ಬರ ಕೈಯಲ್ಲೇ.

ಅದೇ ಒಪೆರಾದ ಶಾಲೆಯಲ್ಲಿ 19ನೇ ಶತಮಾನದಲ್ಲಿ ಮರಿ ವಾನ್ ಗೋಥೆಮ್ ಎಂಬ ಬಡ ಹುಡುಗಿ ಕಲಿಯುತ್ತಿದ್ದಳು. ಕಲಾವಿದ ಎಡ್ಗರ್ ದೆಗಾ 1881ರಲ್ಲಿ ಪ್ರದರ್ಶಿಸಿದ ಹದಿನಾಲ್ಕರ ಪುಟ್ಟ ನರ್ತಕಿಯ ಶಿಲ್ಪಕ್ಕೆ ಮಾದರಿಯಾಗಿ ನಿಂತವಳು ಅವಳೇ. ಮರುವರ್ಷವೇ ತರಗತಿ ತಪ್ಪಿಸಿದಳೆಂದು ಅವಳನ್ನು ಒಪೆರಾದಿಂದ ತೆಗೆದುಹಾಕಿದರು. ಶಿಲ್ಪವನ್ನು ಇವತ್ತಿಗೂ ಜನ ನೋಡುತ್ತಾರೆ. ಆ ಹುಡುಗಿಯನ್ನು ಹೊರಗೆ ಹಾಕಿದ್ದು ಯಾವ ಎದುರಾಳಿಯೂ ಅಲ್ಲ.

ನಮ್ಮ ಕಾಲದಲ್ಲಿ ಬ್ಯಾಲೆ ಲೋಕದ ಅತಿ ಭೀಕರ ದಾಳಿ ನಡೆದದ್ದು 2013ರ ಜನವರಿಯಲ್ಲಿ. ಮಾಸ್ಕೋದ ಬೊಲ್ಶೊಯ್ ಬ್ಯಾಲೆಯ ಕಲಾ ನಿರ್ದೇಶಕ ಸೆರ್ಗೇ ಫಿಲಿನ್ ಮುಖಕ್ಕೆ ಆ್ಯಸಿಡ್ ಎರಚಿದರು. ಅವರ ಕಣ್ಣುಗಳಿಗೆ ತೀವ್ರ ಹಾನಿಯಾಯಿತು. ಅದೇ ತಂಡದ ನರ್ತಕ ಪಾವೆಲ್ ದ್ಮಿತ್ರಿಚೆಂಕೊ ಆ ವರ್ಷದ ಕೊನೆಗೆ ತಪ್ಪಿತಸ್ಥನೆಂದು ತೀರ್ಪಾಗಿ ಆರು ವರ್ಷ ಶಿಕ್ಷೆಗೆ ಒಳಗಾದ. ತಂಡದೊಳಗೆ ಪಾತ್ರ ಹಂಚಿಕೆಯ ಬಗ್ಗೆ ಕುದಿಯುತ್ತಿದ್ದ ಸಿಟ್ಟು ವಿಚಾರಣೆಯುದ್ದಕ್ಕೂ ಪ್ರಸ್ತಾಪವಾಯಿತು. ಇಲ್ಲಿ ಹೊಟ್ಟೆಕಿಚ್ಚಿನ ಹದಿನಾರರ ಹುಡುಗಿ ಎಲ್ಲಿದ್ದಾಳೆ? ಗೆಳತಿಗೆ ನಾನು ಅವತ್ತೇ ಕೇಳಬೇಕಿದ್ದ ಪ್ರಶ್ನೆ ಇದು.

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತದೆ. ವಿಯೆನ್ನಾ ಸ್ಟೇಟ್ ಒಪೆರಾದ ಬ್ಯಾಲೆ ಅಕಾಡೆಮಿಯಲ್ಲಿ ಮಕ್ಕಳನ್ನು ನಡೆಸಿಕೊಂಡ ರೀತಿಯ ಬಗ್ಗೆ 2019ರಲ್ಲಿ ತನಿಖೆ ನಡೆಯಿತು. ಮೈ ತೆಳ್ಳಗಿರಲೆಂದು ಮಕ್ಕಳಿಗೆ ಸಿಗರೇಟ್ ಸೇದುವ ಸಲಹೆ ಕೊಟ್ಟದ್ದು ಬೆಳಕಿಗೆ ಬಂತು. ಸಲಹೆ ಕೊಟ್ಟವರು ದೊಡ್ಡವರು, ಶಾಲೆಯವರು. ಕಾದಂಬರಿಯಲ್ಲಿ ಊಟ ಬಿಟ್ಟ ಹುಡುಗಿ ಬಾತ್‌ರೂಮಿನಲ್ಲಿ ಬೆರಳು ಹಾಕಿ ವಾಂತಿ ಮಾಡುವ ಪುಟಗಳು ಬಂದಾಗ ನನಗೆ ಆ ಸಿಗರೇಟು ನೆನಪಾಗುತ್ತದೆ. ಅವಳ ಗೀಳು, ಅವಳ ಗುಟ್ಟು, ಅವಳ ದೌರ್ಬಲ್ಯ ಎಂಬಂತೆ ಬರೆದುಬಿಡುತ್ತಾರಲ್ಲ, ಅದು ಅನ್ಯಾಯ. ಅವಳ ಕಿವಿಯಲ್ಲಿ ಆ ಮಾತು ಬಿತ್ತಿದವರಿಗೂ ಒಂದು ಅಧ್ಯಾಯ ಕೊಡಿ.

ಹಾಗೆ ಬರೆಯಲು ಹೊರಟವರೂ ಇದ್ದಾರೆ. ಸೋನಾ ಚರೈಪೋತ್ರ ಮತ್ತು ಡೋನಿಯೆಲ್ ಕ್ಲೇಟನ್ ಜೊತೆಯಾಗಿ ಬರೆದ 'ಟೈನಿ ಪ್ರೆಟಿ ಥಿಂಗ್ಸ್' 2015ರಲ್ಲಿ ಬಂತು. ಗಿಗಿ, ಬೆಟ್, ಜೂನ್ ಎಂಬ ಮೂವರು ಹುಡುಗಿಯರು ಸರದಿಯ ಮೇಲೆ ಕಥೆ ಹೇಳುತ್ತಾರೆ. ಮೂವರ ಒಳಗೂ ಹೊಕ್ಕು ಬಂದ ಮೇಲೆ ಒಬ್ಬಳನ್ನು ರಾಕ್ಷಸಿ ಎಂದು ಪಕ್ಕಕ್ಕಿಡಲು ಮನಸ್ಸು ಒಪ್ಪುವುದಿಲ್ಲ. ಬಿಳಿಯರೇ ಹೆಚ್ಚಿರುವ ಶಾಲೆಯಲ್ಲಿ ಗಿಗಿ ಕಪ್ಪು ಹುಡುಗಿ. 'ನಟ್‌ಕ್ರ್ಯಾಕರ್' ಬ್ಯಾಲೆಯ ಶುಗರ್ ಪ್ಲಮ್ ಫೇರಿ ಎಂಬ ದೊಡ್ಡ ಪಾತ್ರ ಅವಳಿಗೆ ಸಿಕ್ಕಾಗ ಬರೀ ಪೈಪೋಟಿ ಕೆರಳುವುದಿಲ್ಲ, ಈ ವೇದಿಕೆ ಯಾರದ್ದು ಎಂಬ ಹಳೆಯ ಜಗಳ ಎದ್ದು ಕೂರುತ್ತದೆ. ಮಿಸ್ಟಿ ಕೋಪ್‌ಲ್ಯಾಂಡ್ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಮೊದಲ ಆಫ್ರಿಕನ್ ಅಮೆರಿಕನ್ ಪ್ರಿನ್ಸಿಪಾಲ್ ನರ್ತಕಿ, ಅಂದರೆ ಅತಿ ಮೇಲಿನ ದರ್ಜೆಯ ನರ್ತಕಿ, ಆದದ್ದೂ ಅದೇ 2015ರಲ್ಲಿ. ಆ ತಂಡಕ್ಕೆ ಆಗಲೇ 75 ವರ್ಷ ತುಂಬಿತ್ತು. ಕಪ್ಪು ನರ್ತಕಿಯರು ತಮ್ಮ ಗುಲಾಬಿ ಶೂಗಳಿಗೆ ಮೈಬಣ್ಣದ ಮೇಕಪ್ ಮೆತ್ತಿಕೊಂಡು ವೇದಿಕೆ ಹತ್ತುತ್ತಿದ್ದರು. ಲಂಡನ್ನಿನ ಫ್ರೀಡ್ ಶೂ ಕಂಪನಿ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಪಾಯಿಂಟ್ ಶೂ ತಂದದ್ದು 2018ರಲ್ಲಿ. ಬಹಳ ಕಾಲ 'ಮೈಬಣ್ಣ' ಅಂದರೆ ಗುಲಾಬಿಯೇ ಆಗಿತ್ತು!

ಇಷ್ಟು ಬರೆದ ಮೇಲೂ ನನ್ನ ಆಸೆ ಒಂದು ಉಳಿದಿದೆ. ಆ ಒಳ್ಳೆಯ ಕಾದಂಬರಿಗಳಲ್ಲೂ ಕೊನೆಗೆ ಬೆಳಕು ಬೀಳುವುದು ವೇದಿಕೆಯ ನಡುವೆ ನಿಂತ ಒಬ್ಬಳ ಮೇಲೆ. 'ಸ್ವಾನ್ ಲೇಕ್'ನ 1895ರ ಪ್ರಸಿದ್ಧ ರಂಗಪ್ರಯೋಗದಲ್ಲಿ ಪಿಯೆರಿನಾ ಲೆನ್ಯಾನಿ ಬಿಳಿ ಹಂಸ ಒಡೆಟ್, ಅವಳ ವೇಷದಲ್ಲಿ ಬಂದು ಮೋಸ ಮಾಡುವ ಒಡೀಲ್, ಎರಡೂ ಪಾತ್ರಗಳನ್ನು ತಾನೇ ಕುಣಿದಳು. ಇವತ್ತಿಗೂ ಹೆಚ್ಚಿನ ಕಡೆ ಎರಡಕ್ಕೂ ಒಬ್ಬಳೇ. ಒಳ್ಳೆಯವಳೂ ಕೆಟ್ಟವಳೂ ಒಂದೇ ಮೈಯಲ್ಲಿ ಇರಬಹುದೆಂದು ಬ್ಯಾಲೆಗೆ ಗೊತ್ತು. ಕಾದಂಬರಿಗಳು ಯಾಕೋ ಆ ಇಬ್ಬರನ್ನು ಎರಡು ಮಂಚದ ಮೇಲೆ ಮಲಗಿಸಿ ರೂಮ್‌ಮೇಟ್ ಮಾಡುತ್ತವೆ. ನಡುವಿನ ಒಬ್ಬಳ ಹಿಂದೆ ಸಾಲುಗಟ್ಟಿ ನಿಂತ ಹಂಸಗಳ ಹೆಸರಂತೂ ನಮಗೆ ತಿಳಿಯುವುದೇ ಇಲ್ಲ.

ಮತ್ತೆ 'ಲಾ ಬಯಾದೇರ್'ಗೇ ಬರುತ್ತೇನೆ. ನಿಕಿಯಾ ಸತ್ತ ಮೇಲೆ ನೆರಳುಗಳ ಲೋಕದ ದೃಶ್ಯವಿದೆ. ಕತ್ತಲಲ್ಲಿ ಒಂದು ಇಳಿಜಾರು. ಬಿಳಿ ಉಡುಪಿನ ಹುಡುಗಿಯೊಬ್ಬಳು ಬಂದು ಒಂದು ಕಾಲ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುತ್ತಾಳೆ, ಅರಬೆಸ್ಕ್. ಎರಡು ಹೆಜ್ಜೆ ಮುಂದೆ. ಅವಳ ಹಿಂದೆ ಇನ್ನೊಬ್ಬಳು, ಅದೇ ಭಂಗಿ. ಅವಳ ಹಿಂದೆ ಮತ್ತೊಬ್ಬಳು. ತಂಡ ದೊಡ್ಡದಿದ್ದರೆ ಹೀಗೆ ಮೂವತ್ತೆರಡು ಜನ ಇಳಿಯುತ್ತಾರೆ. ಮೊದಲು ಇಳಿದವಳು ಕೊನೆಯವಳು ಬರುವವರೆಗೂ ಅದೇ ಅರಬೆಸ್ಕನ್ನು ಮತ್ತೆ ಮತ್ತೆ ಮಾಡುತ್ತಲೇ ಇರಬೇಕು. ಒಬ್ಬಳ ಕಾಲು ನಡುಗಿದರೆ ಇಡೀ ಸಾಲು ನಡುಗಿದಂತೆ ಕಾಣುತ್ತದೆ. ಪಕ್ಕದವಳು ಬೀಳಲಿ ಎಂದು ಅಲ್ಲಿ ಯಾರೂ ಬಯಸುವ ಹಾಗಿಲ್ಲ.

ಬೆಳಿಗ್ಗೆ ಪಾತ್ರ ಹಂಚಿಕೆಯ ಪಟ್ಟಿ ನೋಡಿ ಅತ್ತು, ಸಂಜೆ ಆ ಇಳಿಜಾರಿನ ಮೇಲೆ ಮುಂದಿನವಳ ಬೆನ್ನು ನೋಡುತ್ತಾ, ಅವಳ ಉಸಿರಿಗೆ ತನ್ನ ಉಸಿರು ಹೊಂದಿಸಿಕೊಳ್ಳುವ ಹದಿನೇಳರ ಹುಡುಗಿಯ ಕಥೆಯನ್ನು ಯಾರಾದರೂ ಬರೆದಿದ್ದರೆ ಕೆಳಗೆ ಹೇಳಿ. ನಾನು ಓದಿ, ಗೆಳತಿಗೂ ಕೊಡಬೇಕು.