ಹಳೇ ಟಚ್ ಫೋನ್‌ಗಳ ದೋಷ ಬೇರೆ, ಇವತ್ತಿನ ಫೋನ್‌ಗಳ ದೋಷ ಬೇರೆ

ಹಳೇ ಟಚ್ ಫೋನ್‌ಗಳ ಮಾತು ಬಂದರೆ ಸಾಕು, "ಆಗಿನ ಫೋನೇ ಫೋನು" ಅನ್ನುವವರು ಒಂದು ಕಡೆ, "ಅವನ್ನೆಲ್ಲ ಹೇಗೆ ಬಳಸ್ತಿದ್ವೋ" ಅನ್ನುವವರು ಇನ್ನೊಂದು ಕಡೆ. ನನಗೆ ಅನ್ನಿಸುವುದು ಬೇರೆ. ಆಗಿನ ದೋಷಗಳಲ್ಲಿ ಹೆಚ್ಚಿನವು ತಂತ್ರಜ್ಞಾನ ಇನ್ನೂ ಅಲ್ಲಿಗೆ ಬಂದಿರಲಿಲ್ಲ ಅನ್ನುವ ಕಾರಣಕ್ಕೆ ಇದ್ದವು. ಇವತ್ತಿನ ಕೆಲವು ದೋಷಗಳನ್ನು ಬೇಕಂತಲೇ ತಂದಿದ್ದಾರೆ.

ಸ್ಕ್ರೀನ್ ವಿಷಯದಲ್ಲಂತೂ ಹಳೆಯದನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. 2008ರ ಕೊನೆಗೆ ಬಂದ ನೋಕಿಯಾ 5800, 2009ರ ಸ್ಯಾಮ್‌ಸಂಗ್ ಸ್ಟಾರ್, ಇವೆಲ್ಲ ರೆಸಿಸ್ಟಿವ್ ಸ್ಕ್ರೀನ್‌ನವು. ಎರಡು ತೆಳು ಪದರ, ನಡುವೆ ಕೂದಲೆಳೆಯಷ್ಟು ಜಾಗ. ಒತ್ತಿದಾಗ ಮೇಲಿನ ಪದರ ಬಗ್ಗಿ ಕೆಳಗಿನದಕ್ಕೆ ತಾಗಿದರೆ ಮಾತ್ರ ಫೋನ್‌ಗೆ ಗೊತ್ತಾಗುತ್ತದೆ. ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಕೆಳಗಿನ ಹೆಸರಿಗೆ ಹೋಗಬೇಕು ಅಂದುಕೊಳ್ಳಿ. ಬೆರಳನ್ನು ಒತ್ತಿಕೊಂಡೇ ಎಳೆಯಬೇಕು. ನಡುವೆ ಒತ್ತಡ ಸ್ವಲ್ಪ ಕಡಿಮೆಯಾದರೂ ಬೆರಳು ಎತ್ತಿದರು ಅಂತ ಫೋನ್ ತಿಳಿದುಕೊಂಡು, ಬೇಡದ ಹೆಸರೊಂದು ತೆರೆದುಕೊಳ್ಳುತ್ತಿತ್ತು. ಎರಡು ಬೆರಳಲ್ಲಿ ಫೋಟೋ ಹಿಗ್ಗಿಸುವುದಂತೂ ಇಲ್ಲವೇ ಇಲ್ಲ. ಬಿಸಿಲಿಗೆ ಹೋದರೆ ಎಲ್ಲ ಮಸುಕು.

ಆದರೂ ಆ ಸ್ಕ್ರೀನ್‌ಗೆ ಒಂದು ಒಳ್ಳೆಯ ಗುಣ ಇತ್ತು. ಉಗುರು, ಕಡ್ಡಿಯ ತುದಿ, ಗ್ಲೌಸ್ ಹಾಕಿದ ಬೆರಳು, ಯಾವುದರಿಂದ ಒತ್ತಿದರೂ ನಡೆಯುತ್ತಿತ್ತು. ಇವತ್ತಿನ ಕೆಪಾಸಿಟಿವ್ ಸ್ಕ್ರೀನ್ ಬೆರಳಿನಿಂದ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಬದಲಾವಣೆ ನೋಡಿ ಕೆಲಸ ಮಾಡುತ್ತದೆ. ಹಾಗಾಗಿಯೇ ಅದರ ಮೇಲೆ ನೀರು ಬಿದ್ದರೆ ಗೊಂದಲ, ದಪ್ಪ ಗ್ಲೌಸ್ ಹಾಕಿದರೆ ಸುಮ್ಮನೆ ಕೂರುತ್ತದೆ.

ಜನ ಮರೆತಿರುವ ಇನ್ನೊಂದು ಸಂಗತಿ ಇದೆ. 2007ರ ಮೊದಲ ಐಫೋನ್‌ನ ಸ್ಕ್ರೀನ್ ಅದ್ಭುತ, ಬೆರಳಿಟ್ಟರೆ ಜಾರುತ್ತದೆ. ಆದರೆ ಅದರಲ್ಲಿ 3ಜಿ ಇರಲಿಲ್ಲ, ವಿಡಿಯೋ ತೆಗೆಯಲು ಆಗುತ್ತಿರಲಿಲ್ಲ. ಆಪ್ ಸ್ಟೋರ್ ಬಂದಿದ್ದು 2008ರ ಜುಲೈನಲ್ಲಿ. ಕಾಪಿ-ಪೇಸ್ಟ್‌ಗೆ 2009ರ ತನಕ ಕಾಯಬೇಕಾಯಿತು! ಮೇಲೆ ಬೈದ ನೋಕಿಯಾ 5800ರಲ್ಲಿ 3ಜಿ, ವಿಡಿಯೋ, ಕಾಪಿ-ಪೇಸ್ಟ್ ಮೊದಲಿಂದಲೇ ಇದ್ದವು. ಮೆಮೊರಿ ಕಾರ್ಡ್ ಇತ್ತು, 3.5 ಎಂಎಂ ಇಯರ್‌ಫೋನ್ ಜಾಕ್ ಇತ್ತು, ಬ್ಯಾಟರಿ ಬದಲಾಯಿಸಬಹುದಿತ್ತು. ಬಳಸಲು ಹಿತ ಅನ್ನಿಸಿದ್ದು ಒಂದು, ಕೆಲಸ ಜಾಸ್ತಿ ಮಾಡುತ್ತಿದ್ದದ್ದು ಇನ್ನೊಂದು. ಗೆದ್ದಿದ್ದು ಹಿತವಾಗಿದ್ದ ಫೋನ್. ಅದು ಸರಿಯೇ ಅಂತ ನನಗೂ ಅನ್ನಿಸುತ್ತದೆ, ದಿನಕ್ಕೆ ನೂರು ಸಲ ಮುಟ್ಟುವುದು ಸ್ಕ್ರೀನನ್ನೇ ಅಲ್ವಾ.

ಮೊದಮೊದಲ ಆಂಡ್ರಾಯ್ಡ್ ಫೋನ್‌ಗಳ ದೊಡ್ಡ ತೊಂದರೆ ಒಳಗಿನ ಜಾಗದ್ದು. 2010ರ ಎಚ್‌ಟಿಸಿ ಡಿಸೈರ್‌ನಂಥ ದುಬಾರಿ ಫೋನ್‌ನಲ್ಲೂ ಒಟ್ಟು 512 ಎಂಬಿ. ಸಿಸ್ಟಂ ತೆಗೆದುಕೊಂಡು ಉಳಿದದ್ದರಲ್ಲಿ ಆಪ್‌ಗಳು ಒದ್ದಾಡಬೇಕು. ಕಾರ್ಡ್‌ಗೆ ಆಪ್ ಸಾಗಿಸುವ ಸೌಲಭ್ಯ ಆಂಡ್ರಾಯ್ಡ್ 2.2ರಲ್ಲಿ ಬಂದರೂ ಪೂರ್ತಿ ಹೋಗುತ್ತಿರಲಿಲ್ಲ. ಕನ್ನಡದ ಕಥೆ ಇನ್ನೂ ಬೇಸರದ್ದು. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರ ತೋರಿಸುವ ಸೌಲಭ್ಯ ಅಧಿಕೃತವಾಗಿ ಸೇರಿದ್ದು 2012ರ 4.1ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಫೋನ್‌ಗಳಲ್ಲಿ ಕನ್ನಡ ಅಂದರೆ ಬರೀ ಚೌಕಗಳು.

ಕ್ಯಾಮೆರಾ ವಿಷಯ ಬಿಡಿ, ನೋಕಿಯಾ ಎನ್8ನಂಥ ಒಂದೆರಡನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ, ಬ್ಯಾಟರಿ. ಲಿಥಿಯಂ ಬ್ಯಾಟರಿ ಸವೆಯುವುದು ಸಹಜ. ಹಳೇ ಫೋನ್‌ನಲ್ಲಿ ಹಿಂದಿನ ಮುಚ್ಚಳದ ಅಂಚಿಗೆ ಉಗುರು ಹಾಕಿ ಎಳೆದರೆ ಟಪ್ ಅಂತ ಬರುತ್ತಿತ್ತು. ಹೊಸ ಬ್ಯಾಟರಿ ಕೂರಿಸಿದರೆ ಫೋನ್ ಮತ್ತೆ ಗಟ್ಟಿ. ಹ್ಯಾಂಗ್ ಆದರೂ ಅದೇ ಔಷಧಿ, ಬ್ಯಾಟರಿ ತೆಗೆದು ಹಾಕುವುದು. ಈಗ ಅದೇ ಬ್ಯಾಟರಿಯನ್ನು ಒಳಗೆ ಅಂಟು ಹಾಕಿ ಕೂರಿಸಿದ್ದಾರೆ. ಬದಲಾಯಿಸಬೇಕು ಅಂದರೆ ಹಿಂದಿನ ಗಾಜನ್ನು ಬಿಸಿ ಮಾಡಿ ಬಿಡಿಸಬೇಕು.

"ನೀರು ಒಳಗೆ ಹೋಗಬಾರದಲ್ಲ, ಅದಕ್ಕೇ ಸೀಲ್ ಮಾಡಿದ್ದು" ಅಂತ ಸಮರ್ಥನೆ ಕೇಳಿದ್ದೇನೆ. ಹಾಗಾದರೆ 2014ರ ಗ್ಯಾಲಕ್ಸಿ ಎಸ್5 ನೋಡಿ. ಐಪಿ67 ದರ್ಜೆ, ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆದರೂ ಮುಚ್ಚಳ ತೆಗೆಯಬಹುದು, ಬ್ಯಾಟರಿ ಬದಲಾಯಿಸಬಹುದು, ಕಾರ್ಡ್ ಹಾಕಬಹುದು, ಜಾಕ್ ಕೂಡ ಇದೆ. ಮುಂದಿನ ವರ್ಷವೇ ಬಂದ ಎಸ್6ರಲ್ಲಿ ಮುಚ್ಚಳವೂ ತೆಗೆಯಲು ಬರಲ್ಲ, ಕಾರ್ಡ್ ಜಾಗವೂ ಇಲ್ಲ, ನೀರಿನಿಂದ ರಕ್ಷಣೆಯ ದರ್ಜೆಯೂ ಇಲ್ಲ. ಮಾಡಲು ಗೊತ್ತಿತ್ತು, ಆದರೂ ಬಿಟ್ಟರು. ಯುರೋಪಿಯನ್ ಒಕ್ಕೂಟ 2023ರ ಬ್ಯಾಟರಿ ನಿಯಮದಲ್ಲಿ, ಬಳಸುವವರೇ ಬ್ಯಾಟರಿ ಬದಲಾಯಿಸುವಂತಿರಬೇಕು ಅಂತ 2027ರ ಫೆಬ್ರವರಿಯ ಗಡುವು ಇಟ್ಟಿದೆ. ಕೆಲವು ವಿನಾಯಿತಿಗಳಿವೆ, ಆದರೂ ಕಾನೂನಿನ ಬಾಯಲ್ಲಿ ಈ ಮಾತು ಬಂದಿದ್ದು ನನಗೆ ಖುಷಿ ಕೊಟ್ಟಿದೆ.

ಹಾಗಂತ ಹಳೇ ಫೋನ್ ತೆಗೆದು ಹೊಸ ಬ್ಯಾಟರಿ ಹಾಕಿದರೆ ಎಲ್ಲ ಸರಿ ಹೋಗುತ್ತಾ? ಇಲ್ಲ. ಫೋನ್ ಗಟ್ಟಿಯಾಗೇ ಇರುತ್ತದೆ, ಸಾಫ್ಟ್‌ವೇರ್ ಕೈಕೊಟ್ಟಿರುತ್ತದೆ. ನೋಕಿಯಾ 5800ರಂಥವುಗಳಲ್ಲಿದ್ದ ಸಿಸ್ಟಂ ಸಿಂಬಿಯನ್ ಎಸ್60, ಅಂಥ ಫೋನ್‌ಗಳಿಗೆ ವಾಟ್ಸಾಪ್ 2017ರಲ್ಲೇ ನಿಂತಿತು. ಇವತ್ತಿನ ವೆಬ್‌ಸೈಟ್‌ಗಳು ಟಿಎಲ್‌ಎಸ್ 1.2 ಅಥವಾ ಅದಕ್ಕಿಂತ ಹೊಸ ಭದ್ರತೆ ಕೇಳುತ್ತವೆ, ತೀರಾ ಹಳೆಯ ಬ್ರೌಸರ್‌ಗಳಿಗೆ ಅದು ಗೊತ್ತೇ ಇಲ್ಲ. ಪುಟ ತೆರೆಯುವುದೇ ಇಲ್ಲ. ಬ್ಯಾಂಕ್ ಕೆಲಸವನ್ನಂತೂ ಇಂಥ ಫೋನ್‌ನಲ್ಲಿ ದಯವಿಟ್ಟು ಮಾಡಬೇಡಿ, ಭದ್ರತಾ ಅಪ್‌ಡೇಟ್ ನಿಂತು ವರ್ಷಗಳೇ ಆಗಿರುತ್ತವೆ.

ಹಾಡು ಕೇಳಲು, ಎಫ್‌ಎಂ ಇದ್ದರೆ ಇಯರ್‌ಫೋನ್ ಸಿಕ್ಕಿಸಿ ರೇಡಿಯೋ ಹಾಕಲು, ಅಲಾರಂ ಇಡಲು ಅವು ಈಗಲೂ ಚೆನ್ನಾಗಿವೆ. ಸುಮ್ನೆ ಎತ್ತಿಡುವುದಾದರೆ ಬ್ಯಾಟರಿ ಬೇರೆ ತೆಗೆದಿಡಿ. ಅದು ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.